ಎರಡು ದಿನ ನೆನೆದ ಫೈಲು

ನದಿದಂಡೆಯ ಆ ಆಶ್ರಮದಲ್ಲಿ ಹಲ್ಲಿನ ವೈದ್ಯರೇ ಗುರುಗಳು. ಊರವರು ಅವರನ್ನು ಸಲಿಗೆಯಿಂದ ಹಲ್ಲುಸ್ವಾಮಿಗಳು ಎನ್ನುತ್ತಿದ್ದರು. ಅವರ ಬಳಿ ಕಲಿಯುತ್ತಿದ್ದ ವಾಗೀಶನ ಕೈ ಚುರುಕು, ಎದೆ ಮಾತ್ರ ಪುಕ್ಕಲು.

ರೂಟ್ ಕೆನಾಲ್ ಫೈಲೆಂದರೆ ಹಲ್ಲಿನ ಬೇರಿನೊಳಗೆ ಇಳಿಸಿ ಕೆರೆಯುವ, ಸೂಜಿಗಿಂತ ಸಣ್ಣ ಅರ. "ಕ್ಲೋರಿನ್ ದ್ರಾವಣದಲ್ಲಿ ಹತ್ತೇ ನಿಮಿಷ ಇಡು. ಆಮೇಲೆ ತೊಳೆದು ಆವಿಯಲ್ಲಿ ಬೇಯಿಸು" ಎಂದಿದ್ದರು ಗುರುಗಳು.

ಹತ್ತು ನಿಮಿಷಕ್ಕೆ ರೋಗಾಣುಗಳು ಸಾಯುತ್ತವೆಯೇ? ವಾಗೀಶನಿಗೆ ಭಯ. ಫೈಲುಗಳ ಕಂತೆಯನ್ನು ಎರಡು ದಿನ ದ್ರಾವಣದಲ್ಲೇ ಬಿಟ್ಟುಬಿಟ್ಟ.

ಮೂರನೆಯ ಬೆಳಿಗ್ಗೆ ದೋಣಿ ನಡೆಸುವ ದುರುಗಪ್ಪ ಕೆನ್ನೆ ಊದಿಸಿಕೊಂಡು ಬಂದು ಕುರ್ಚಿಯಲ್ಲಿ ಕುಳಿತ.

ಪ್ರತಿ ಕಂತೆಯಲ್ಲಿ ಒಂದು ಫೈಲನ್ನು, ಹಿಂದೆ ಕಿತ್ತಿಟ್ಟ ಹಲ್ಲೊಂದರ ಮೇಲೆ ಉಜ್ಜಿ ನೋಡಿಯೇ ಉಳಿದವನ್ನು ಮುಟ್ಟುವುದು ಅಲ್ಲಿಯ ಪದ್ಧತಿ. ವಾಗೀಶ ಉಜ್ಜಿದ. ಪುಡಿ ಉದುರಲಿಲ್ಲ, ಫೈಲು ಜಾರಿತು. ಭೂತಗನ್ನಡಿ ಹಿಡಿದು ನೋಡಿದ. ಅಂಚಿನುದ್ದಕ್ಕೂ ಸಣ್ಣ ಸಣ್ಣ ಗುಳಿಗಳು. ದ್ರಾವಣ ಲೋಹವನ್ನೇ ತಿಂದಿತ್ತು.

ಇಂಥ ಫೈಲು ಬೇರಿನೊಳಗೆ ಮುರಿದರೆ ತೆಗೆಯುವವರು ಯಾರು? ಹೊಸ ಫೈಲುಗಳಿದ್ದದ್ದು ಗುರುಗಳ ಬೀರುವಿನಲ್ಲಿ. ಕೇಳಿದರೆ ತಪ್ಪು ಒಪ್ಪಿಕೊಳ್ಳಬೇಕು. ಒಪ್ಪಿಕೊಂಡರೆ ಗಂಟುಮೂಟೆ ಕಟ್ಟಬೇಕಾದೀತು. ಅದೇ ಕಂತೆಯನ್ನು ತಟ್ಟೆಯಲ್ಲಿ ಜೋಡಿಸಿದ.

ಅಷ್ಟರಲ್ಲಿ ಗುರುಗಳು ಒಳಬಂದರು. "ಫೈಲು ಹೇಗಿದೆ?"

"ಹೊಳೀತಿದೆ, ಗುರುಗಳೇ."

"ಹೊಳಪು ಯಾರಿಗೆ ಬೇಕು? ಕೊರೆಯುತ್ತಾ?"

"ಕೊ... ಕೊರೆಯುತ್ತೆ."

ಗುರುಗಳು ಅವನ ಮುಖ ನೋಡಿದರು. ಗೀರೂ ಬೀಳದ ಆ ಕಿತ್ತ ಹಲ್ಲನ್ನೂ ನೋಡಿದರು.

"ದುರುಗಪ್ಪ, ಸ್ವಲ್ಪ ಏಳಪ್ಪ" ಎಂದು ತಾವೇ ಕುರ್ಚಿಯಲ್ಲಿ ಒರಗಿದರು. "ನನ್ನ ದವಡೆ ಹಲ್ಲೂ ಬಹಳ ದಿನದಿಂದ ಕಾಡ್ತಿದೆ ವಾಗೀಶ. ಇದೇ ಕಂತೆಯ ಫೈಲಲ್ಲಿ ಮೊದಲು ನನಗೆ ಮಾಡು."

ಬಾಯಿ ತೆರೆದು ಕಣ್ಣು ಮುಚ್ಚಿದರು.

ವಾಗೀಶ ಫೈಲು ಎತ್ತಿಕೊಂಡ.  ಮತ್ತೆ ತಟ್ಟೆಗೇ ಹಾಕಿಬಿಟ್ಟ.

"ಬೇಡ ಗುರುಗಳೇ, ಮುರಿದುಹೋಗುತ್ತೆ! ಎರಡು ದಿನ ನೆನೆಹಾಕಿಬಿಟ್ಟಿದ್ದೆ. ಗೊತ್ತಾದರೆ ಆಶ್ರಮದಿಂದ ಕಳಿಸಿಬಿಡ್ತೀರಿ ಅಂತ ಹೆದರಿದ್ದೆ."

"ಈಗ ಹೇಳಿಬಿಟ್ಟೆಯಲ್ಲ. ಹೆದರಿಕೆ ಹೋಯ್ತಾ?"

ವಾಗೀಶ ತಿರುಗಿ ನೋಡಿದ. ದುರುಗಪ್ಪ ಗೋಡೆಗೆ ಆತುಕೊಂಡು, ಕೆನ್ನೆ ಹಿಡಿದುಕೊಂಡು, ಏನೂ ಅರ್ಥವಾಗದೆ ನಿಂತಿದ್ದ. ಇನ್ನೊಂದು ಗಳಿಗೆ ಕಳೆದಿದ್ದರೆ ಆ ಫೈಲು ಆತನ ಬಾಯಲ್ಲಿರುತ್ತಿತ್ತು. 

"ಇಲ್ಲ ಗುರುಗಳೇ. ಇವರನ್ನ ನೋಡಿದರೆ ಇನ್ನೂ ಹೆಚ್ಚಾಗ್ತಿದೆ."

ಗುರುಗಳು ಎದ್ದು ಬೀರು ತೆರೆದರು. ಹೊಸ ಫೈಲಿನ ಪೊಟ್ಟಣವನ್ನು ಶಿಷ್ಯನ ಕೈಗಿಟ್ಟರು.

"ಬಾ ದುರುಗಪ್ಪ, ಕೂತ್ಕೋ" ಎಂದರು. "ಈಗ ಇವನು ನಿನಗೋಸ್ಕರ ಹೆದರ್ತಿದಾನೆ. ನೀನು ಹೆದರಬೇಕಾಗಿಲ್ಲ."