ಗೋಣಿಪರದೆಯ ಹಿಂದಿನ ಗಂಗೆ

“ಮೇಷ್ಟ್ರೇ, ಹೇಳಿದ ದಿನಕ್ಕೆ ಕೆಲಸ ಮುಗಿಯೋದಿಲ್ಲ ಅಂತ ನಮಗೆ ಗೊತ್ತಾಗಿದೆ. ಗಿರಾಕಿಗೆ ಗೊತ್ತಿಲ್ಲ. ಅವರನ್ನ ಇನ್ನೆಷ್ಟು ದಿನ ಹೀಗೇ ನಂಬಿಸಿ ಇಟ್ಟುಕೊಳ್ಳಬಹುದು?”

ಕೇಳಿದವಳು ಇಂಚರಾ. ಸಿನಿಮಾಗಳಿಗೆ ಗ್ರಾಫಿಕ್ಸ್ ಮಾಡಿಕೊಡುವ ಸಂಸ್ಥೆಯೊಂದರಲ್ಲಿ ಯಾವ ಶಾಟ್ ಯಾವತ್ತಿಗೆ ಮುಗಿಯಬೇಕೆಂದು ಗೊತ್ತುಮಾಡುವುದು, ಮುಗಿಯುವ ತನಕ ನಿರ್ದೇಶಕರಿಗೆ ಉತ್ತರ ಕೊಡುವುದು ಅವಳ ಕೆಲಸ. ಆ ಕೆಲಸವನ್ನು ಅವಳಿಗೆ ಕಲಿಸಿ ನಿವೃತ್ತರಾದವರು ವರದಾಚಾರ್. ಸಂಸ್ಥೆಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರಿಗೂ ಅವರು ಮೇಷ್ಟ್ರು. ಇವತ್ತು ಅವಳು ಅವರ ಮನೆಗೆ ಬಂದಿದ್ದಳು.

“ಯಾವ ಕೆಲಸ?” ಎಂದರು ಮೇಷ್ಟ್ರು.

ಊರೊಂದು ಪ್ರವಾಹದಲ್ಲಿ ಮುಳುಗುವ ದೃಶ್ಯ. ಇಂಚರಾಳ ತಂಡ ಎಷ್ಟು ತಿದ್ದಿದರೂ ಆ ನೀರು ನೀರಿನಂತೆ ಕಾಣುತ್ತಿರಲಿಲ್ಲ. ಗೋಡೆಗೆ ಬಡಿದರೆ ಗಂಜಿ ಚೆಲ್ಲಿದ ಹಾಗೆ ಕಾಣುತ್ತಿತ್ತು. ನಿರ್ದೇಶಕರು ಫೋನ್ ಮಾಡಿದಾಗಲೆಲ್ಲ ಅವಳು “ರೆಂಡರ್ ಆಗ್ತಾ ಇದೆ ಸರ್” ಎನ್ನುತ್ತಿದ್ದಳು. ನಮ್ಮ ಕೆಲಸ ಮುಗಿದಿದೆ, ಕಂಪ್ಯೂಟರು ಚಿತ್ರವನ್ನು ಹೊರಗೆ ತೆಗೆಯುತ್ತಿದೆ, ಕಾಯಬೇಕು ಅಷ್ಟೆ ಎಂದು ಅದರ ಅರ್ಥ. ಕಂಪ್ಯೂಟರಿಗೆ ಅವಳು ಏನನ್ನೂ ಕೊಟ್ಟಿರಲಿಲ್ಲ. ಕಾದು ಕಾದು ಉತ್ಸಾಹ ಹೆಚ್ಚಿದ ನಿರ್ದೇಶಕರು ಆ ಪ್ರವಾಹದಲ್ಲಿ ಒಂದು ಆನೆಯೂ ಕೊಚ್ಚಿಹೋಗಲಿ ಎಂದರು. ಅದಕ್ಕೂ ಅವಳು “ಆಯ್ತು ಸರ್” ಎಂದಿದ್ದಳು. ಇವತ್ತು ಸಂಜೆ ಅವರು ಚಿತ್ರದ ಬಿಡುಗಡೆಯ ದಿನವನ್ನು ಘೋಷಿಸುವವರಿದ್ದರು. ಅದಕ್ಕೆ ಮುಂಚೆ ಒಮ್ಮೆ ಅವಳಿಗೆ ಫೋನ್ ಮಾಡುವುದಾಗಿ ಹೇಳಿದ್ದರು.

“ನಿಜ ಹೇಳಿದ್ರೆ ಅವರು ಕೆಲಸ ಕಿತ್ತುಕೊಂಡು ಬೇರೆಯವರಿಗೆ ಕೊಡ್ತಾರೆ ಮೇಷ್ಟ್ರೇ. ನನ್ನದು ಹೋಗಲಿ, ನನ್ನ ತಂಡದವರೆಲ್ಲ ಮನೆಗೆ ಹೋಗಬೇಕಾಗುತ್ತೆ.”

ಮೇಷ್ಟ್ರು ಸಮಾಧಾನ ಹೇಳುವ ಪೈಕಿಯವರಲ್ಲ. “ಕೂತ್ಕೊ” ಎಂದರು. ಅವಳು ಕೂತಳು. ಅವರು ಹೇಳತೊಡಗಿದರು.

ಒಂದು ನಾಟಕದ ಕಂಪನಿ. ಅದಕ್ಕೊಬ್ಬ ಯಜಮಾನ. ಆ ಕಂಪನಿಯಲ್ಲಿ ಸೀನು ಕಟ್ಟುವವನೊಬ್ಬನಿದ್ದ. ರಂಗದ ಮೇಲೆ ಬೆಂಕಿಯಿಲ್ಲದೆ ಅರಮನೆ ಸುಡುತ್ತಿದ್ದ, ಆಕಾಶದಲ್ಲಿ ರಥ ಹಾರಿಸುತ್ತಿದ್ದ. ತಂತಿ ಎಲ್ಲಿದೆ, ಹಗ್ಗ ಯಾರು ಎಳೆದರು ಎಂದು ಜನಕ್ಕೆ ತಿಳಿಯುತ್ತಿರಲಿಲ್ಲ. ತಿಳಿಯದಂತೆ ಮಾಡುವುದೇ ಅವನ ಕಸುಬು.

ಒಂದು ಊರಿನಲ್ಲಿ ಕಂಪನಿಗೆ ಜನ ಬರಲಿಲ್ಲ. ನಟರು ಬೇರೆ ಕಂಪನಿಗಳ ಕಡೆ ನೋಡತೊಡಗಿದರು. ಯಜಮಾನ ಸೀನು ಕಟ್ಟುವವನನ್ನು ಕರೆದು, “ಮುಂದಿನ ಊರಿನಲ್ಲಿ ಗಂಗೆಯನ್ನು ಇಳಿಸೋಣ. ಡೇರೆಯ ನೆತ್ತಿಯಿಂದ ಶಿವನ ಜಡೆಗೆ ನೀರು ಧುಮುಕಬೇಕು. ಆಗುತ್ತಾ?” ಎಂದ. ಸೀನು ಕಟ್ಟುವವನು ಹಿಂದುಮುಂದು ನೋಡದೆ, “ಆಗುತ್ತೆ ಯಜಮಾನ್ರೇ” ಎಂದ.

ಹೊಸ ಊರಿನಲ್ಲಿ ಅವನು ರಂಗದ ಒಂದು ಮೂಲೆಗೆ ಗೋಣಿಪರದೆ ಕಟ್ಟಿ ಅದರ ಹಿಂದೆ ಕೆಲಸಕ್ಕೆ ಕೂತ. ಡೇರೆಯ ನೆತ್ತಿಯಲ್ಲಿ ಒಂದು ಮರದ ಉರುಳೆ, ಕೆಳಗೆ ಶಿವ ನಿಲ್ಲುವ ಜಾಗದಲ್ಲಿ ಇನ್ನೊಂದು. ಎರಡಕ್ಕೂ ಸುತ್ತಿ ಹೊಲಿದ ಬಿಳಿ ರೇಷ್ಮೆಬಟ್ಟೆ. ಬಟ್ಟೆಯ ತುಂಬ ಅಭ್ರಕದ ಪುಡಿ. ಉರುಳೆಯ ಹಿಡಿ ತಿರುಗಿಸಿ ಹಿಂದಿನಿಂದ ದೀಪ ಹಿಡಿದರೆ ನೀರು ಸುರಿದ ಹಾಗೆ ಕಾಣಬೇಕು. ಕಾಣಲಿಲ್ಲ. ಅಷ್ಟು ಉದ್ದದ ಬಟ್ಟೆ ನಡುವೆ ತೂಗಾಡಿ, ಒಂದು ಬದಿಗೆ ಜಾರಿ, ಉರುಳೆಗೆ ಸಿಕ್ಕಿಕೊಳ್ಳುತ್ತಿತ್ತು. ಗಂಗೆ ಅರ್ಧ ದಾರಿಗೆ ನಿಂತುಬಿಡುತ್ತಿದ್ದಳು.

ಯಜಮಾನ ದಿನಾ ಗೋಣಿಪರದೆಯ ಆಚೆ ನಿಂತು ಕೇಳುತ್ತಿದ್ದ. ಇವನು ದಿನಾ ಒಳಗಿನಿಂದಲೇ “ಆಗ್ತಾ ಇದೆ” ಎನ್ನುತ್ತಿದ್ದ. ಒಮ್ಮೊಮ್ಮೆ ಪರದೆಯ ಸಂದಿಯಿಂದ ಅಭ್ರಕ ಹೊಳೆಯುವ ಬಟ್ಟೆಯ ತುದಿಯನ್ನಷ್ಟೇ ತೋರಿಸುತ್ತಿದ್ದ. ಆ ಹೊಳಪು ನೋಡಿದ ಯಜಮಾನನ ಆಸೆ ಬೆಳೆಯಿತು. ಗಂಗೆಯ ಪಾತ್ರಧಾರಿ ಆ ನೀರಿನ ಮೇಲೆ ನಿಂತು ಹಾಡುತ್ತ ಇಳಿಯಲಿ ಎಂದ. ಅದಕ್ಕೂ ಒಳಗಿನಿಂದ ‘ಆಗಲಿ’ ಎಂಬ ಉತ್ತರ ಬಂತು.

ನಾಟಕ ಹತ್ತಿರ ಬಂತು. ಸಿಕ್ಕಿಕೊಂಡ ಬಟ್ಟೆಯನ್ನು ಬಿಡಿಸುತ್ತ ಕೂತಿದ್ದವನಿಗೆ ಹೊರಗಿನ ಮಾತು ಕೇಳಿಸಿತು. ಶಿವನ ಪಾತ್ರದವನು ಗಂಟುಮೂಟೆ ಕಟ್ಟಿಕೊಂಡು ಹೊರಟಿದ್ದ. ಯಜಮಾನ ಅವನನ್ನು ತಡೆದು ಹೇಳುತ್ತಿದ್ದ: “ಹೋಗಬೇಡವೋ ಮಾರಾಯ. ಒಳಗೆ ಗಂಗೆ ಸಿದ್ಧವಾಗ್ತಿದ್ದಾಳೆ. ಆಗುತ್ತೆ ಅಂತ ಅವನೇ ಅಂದಿದ್ದಾನೆ. ಅವನು ಅಂದಮೇಲೆ ನನಗೆ ಚಿಂತೆಯಿಲ್ಲ.”

ಬೈದಿದ್ದರೆ ಸೀನು ಕಟ್ಟುವವನು ಸುಮ್ಮನೆ ಕೂತಿರುತ್ತಿದ್ದ. ನಂಬಿ ಆಡಿದ ಮಾತನ್ನು ಅವನಿಂದ ತಡೆಯಲಾಗಲಿಲ್ಲ. ಎದ್ದು ಹೋಗಿ ಗೋಣಿಪರದೆಯನ್ನು ಬಿಚ್ಚಿದ. “ಒಳಗೆ ಬನ್ನಿ ಯಜಮಾನ್ರೇ. ನೀರು ಇಳೀತಾ ಇಲ್ಲ,” ಎಂದ.

ಮೇಷ್ಟ್ರು ಇಲ್ಲಿ ಮಾತು ನಿಲ್ಲಿಸಿ ನೀರು ಕುಡಿದರು.

“ಯಜಮಾನ ಸಿಟ್ಟಾಗಲಿಲ್ವಾ?” ಎಂದಳು ಇಂಚರಾ.

“ಆಗದೆ? ಬೈದ. ಏನು ಬೈದ ಅಂತ ನಿನ್ನ ಮುಂದೆ ಹೇಳೋ ಹಾಗಿಲ್ಲ,” ಎಂದು ಮೇಷ್ಟ್ರು ಮುಂದುವರಿಸಿದರು.

ಬೈದು ಮುಗಿದ ಮೇಲೆ ಯಜಮಾನ ಒಂದು ಪೆಟ್ಟಿಗೆಯ ಮೇಲೆ ಕೂತ. ಮೇಲೆ ನೋಡಿದ, ಕೆಳಗೆ ನೋಡಿದ. ಎದ್ದು ತಾನೇ ಹಿಡಿ ತಿರುಗಿಸಿದ. ಬಟ್ಟೆ ಅವನ ಕೈಯಲ್ಲೂ ಸಿಕ್ಕಿಕೊಂಡಿತು. ಉರುಳೆಯನ್ನು ಅಲ್ಲಾಡಿಸಿ ನೋಡಿ, “ಇದರ ಮೇಲೆ ನಮ್ಮ ಗಂಗಮ್ಮನ್ನ ನಿಲ್ಲಿಸಿದ್ರೆ ಇಳಿಯೋದು ನೀರಲ್ಲ ಕಣಯ್ಯ, ಡೇರೆ!” ಎಂದು ನಕ್ಕ. ಆ ಆಸೆಯನ್ನು ಅಲ್ಲಿಗೇ ಬಿಟ್ಟ.

ನಗು ನಿಂತ ಮೇಲೆ ಅವನು ಕೇಳಿದ: “ಬಟ್ಟೆ ಗಿಡ್ಡವಾದ್ರೆ ನೆಟ್ಟಗೆ ಓಡುತ್ತಾ?”

“ಓಡುತ್ತೆ. ಆದ್ರೆ ನೆತ್ತಿಯಿಂದ ಬೇಕು ಅಂತ ನೀವು ಕೇಳಿದ್ರಿ.”

“ಕೇಳಿದೆ. ಆಗಲ್ಲ ಅಂತ ನೀನು ಹೇಳಲಿಲ್ಲ. ಆ ಹೊತ್ತಲ್ಲಿ ಜನ ನೋಡೋದು ಶಿವನ ಮುಖಾನ, ಡೇರೆಯ ನೆತ್ತೀನಲ್ಲ. ಮೋಡ ಬರೆದ ಪರದೆಯೊಂದು ಇದೆಯಲ್ಲ, ಅದನ್ನ ಕೆಳಕ್ಕೆ ಇಳಿಬಿಡು. ಮೇಲಿನ ಉರುಳೆ ಅದರ ಹಿಂದಿರಲಿ. ನೀರು ಮೋಡದಿಂದ ಬರಲಿ.”

ಸೀನು ಕಟ್ಟುವವನಿಗೆ ಇದು ಹೊಳೆದಿರಲಿಲ್ಲ. ಅವನಿಗೆ ಬಟ್ಟೆ ಗೊತ್ತಿತ್ತು, ಉರುಳೆ ಗೊತ್ತಿತ್ತು. ನಾಟಕಕ್ಕೆ ಏನು ಸಾಕು ಎಂಬುದು ಯಜಮಾನನಿಗೆ ಗೊತ್ತಿತ್ತು. ಇಬ್ಬರೂ ಸೇರಿ ಬಟ್ಟೆಯನ್ನು ಕತ್ತರಿಸಿ ಹೊಲಿದರು. ಮೇಲಿನ ಉರುಳೆಯನ್ನು ಹೊಸ ಜಾಗದಲ್ಲಿ ಕೂರಿಸಲು ಇನ್ನೂ ಸಮಯ ಬೇಕು ಎಂದು ಇವನು ಹೇಳಿದ. ಯಜಮಾನ ನಾಟಕವನ್ನು ಮುಂದಿನ ವಾರಕ್ಕೆ ಹಾಕಿ ಡಂಗುರ ಸಾರಿಸಿದ. ಇದೆಲ್ಲವನ್ನೂ ನೋಡುತ್ತ ನಿಂತಿದ್ದ ಶಿವನ ಪಾತ್ರದವನು ಗಂಟು ಬಿಚ್ಚಿ ಕೂತ.

ಮೊದಲ ದಿನದ ಆಟದಲ್ಲಿ ಮೋಡದೊಳಗಿಂದ ಗಂಗೆ ಇಳಿದಳು. ಜನ ಎದ್ದು ನಿಂತು ಕೈಮುಗಿದರು. ಎದುರಿನ ಸಾಲಿನಲ್ಲಿ ಯಜಮಾನನಿಗೆಂದು ಹಾಕಿದ್ದ ಕುರ್ಚಿ ಖಾಲಿಯಿತ್ತು. ಅವನು ಹಿಂದೆ ನಿಂತು, ಬೆವರು ಒರೆಸಿಕೊಳ್ಳುತ್ತ, ಉರುಳೆಯ ಹಿಡಿ ತಿರುಗಿಸುತ್ತಿದ್ದ.

ಕತೆ ಮುಗಿಯಿತು. ಇಂಚರಾ ಏನೋ ಕೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಅವಳ ಫೋನ್ ಹೊಡೆದುಕೊಂಡಿತು. ನಿರ್ದೇಶಕರು. ಅವಳು ಅಭ್ಯಾಸದಂತೆ, ಮಾತು ಯಾರಿಗೂ ಕೇಳಿಸದಿರಲಿ ಎಂದು, ಎದ್ದು ಬಾಗಿಲ ಕಡೆ ನಡೆದಳು.

“ಪರದೆ ಇರೋದು ಪ್ರೇಕ್ಷಕರಿಗೆ,” ಎಂದರು ಮೇಷ್ಟ್ರು. “ಯಜಮಾನನ್ನ ನೀನು ಅದರ ಯಾವ ಕಡೆ ಕೂರಿಸಿದ್ದೀಯ?”

ಬಾಗಿಲ ಬಳಿ ಇಂಚರಾ ತಿರುಗಿದಳು. ಆಮೇಲೆ ಹಿಂದಕ್ಕೆ ಬಂದು, ಅವರೆದುರೇ ಕೂತು, ಫೋನ್ ಎತ್ತಿದಳು.