ನಿಂಗಾಜಮ್ಮ ಹೇಳದೆ ಬಿಟ್ಟ ಸಾಲು

ಕೊಳ್ಳೇಗಾಲದ ಕಡೆಯ ಬೆಟ್ಟದ ತಪ್ಪಲಲ್ಲಿ ಕಕ್ಕೇಪಾಳ್ಯವೆಂಬ ಪುಟ್ಟ ಊರು. ಪೂಜ್ಯ ಸಂತಿಯಾಗಪ್ಪ ಸ್ವಾಮಿಗಳು ಅಲ್ಲಿ ಇಪ್ಪತ್ತಾರು ವರ್ಷ ಕ್ರೈಸ್ತ ಗುರುಗಳಾಗಿದ್ದರು. ಅವರ ದೇವಾಲಯಕ್ಕೆ ಮಣ್ಣಿನ ಗೋಡೆ, ಹುಲ್ಲಿನ ಮಾಡು. ಪಕ್ಕದ ಒಂದೇ ಒಂದು ಕೋಣೆ ಅವರ ವಾಸಸ್ಥಾನ. ಆನೆಕಾಲು ರೋಗದಿಂದ ಬಲಗಾಲು ಊದಿಕೊಂಡಿದ್ದರೂ ತಿಂಗಳಿಗೊಮ್ಮೆ ಪಟ್ಟಣದ ಜೈಲಿಗೆ ಹೋಗಿ ಕೈದಿಗಳ ಜೊತೆ ಕುಳಿತು ಬರುವುದನ್ನು ಅವರು ತಪ್ಪಿಸಿದವರಲ್ಲ. ಸ್ವಾಮಿಗಳ ಬಗ್ಗೆ ಜನ ಹೇಳುವ ಅಚ್ಚರಿಯ ಸಂಗತಿಗಳು ಬಹಳವಿವೆ. ಆದರೆ ಅವರನ್ನು ಕಣ್ಣಾರೆ ಕಂಡ ಹಿರಿಯರು ಮೊದಲು ನೆನೆಯುವುದು ಬುಟ್ಟಿ ಹೆಣೆಯುವ ನಿಂಗಾಜಮ್ಮನ ಸಂಗತಿಯನ್ನು.

ನಿಂಗಾಜಮ್ಮನ ಗಂಡ ಕೇತಯ್ಯ. ಪಕ್ಕದ ಮನೆಯ ಜವರಯ್ಯ ಅವನ ಗೆಳೆಯ. ಇಬ್ಬರೂ ಒಂದೇ ಅಂಗಳದಲ್ಲಿ ಕುಳಿತು ಮೊರ, ಮಂಕರಿ ಹೆಣೆಯುತ್ತಿದ್ದವರು. ಒಂದು ಸಲ ಜವರಯ್ಯ ಯಾರಿಗೂ ಹೇಳದೆ ಸರ್ಕಾರ ಕಾಯ್ದಿಟ್ಟ ಕಾಡಿನಲ್ಲಿ ಬಿದಿರು ಕಡಿದ. ವಿಚಾರಣೆ ಬಂದಾಗ ಹೆದರಿಕೆಯಿಂದ ಕೇತಯ್ಯನ ಕಡೆ ಬೆರಳು ತೋರಿಸಿದ. ಕೋರ್ಟಿನ ಕಟಕಟೆಯಲ್ಲಿ ನಿಂತು, "ಇವನೇ ಕಡಿದದ್ದು, ನಾನು ನೋಡಿದೆ" ಎಂದುಬಿಟ್ಟ. ಕೇತಯ್ಯನಿಗೆ ಜೈಲಾಯಿತು. ನಾಲ್ಕನೇ ತಿಂಗಳು ಅಲ್ಲಿಯೇ ಜ್ವರ ಬಂದು ತೀರಿಕೊಂಡ.

ಕೊನೆಯ ಗಳಿಗೆಯಲ್ಲಿ ಜೈಲಿನಲ್ಲಿ ಅವನ ಪಕ್ಕದಲ್ಲಿದ್ದು, ಹೆಣವನ್ನು ಎತ್ತಿನ ಗಾಡಿಯಲ್ಲಿ ಊರಿಗೆ ತಂದವರು ಸಂತಿಯಾಗಪ್ಪ ಸ್ವಾಮಿಗಳು. ಅವರು ನಿಂಗಾಜಮ್ಮನ ಜಾತಿಯವರಲ್ಲ, ಮತದವರಲ್ಲ, ಅವಳು ಅಲ್ಲಿಯವರೆಗೆ ಅವರ ದೇವಾಲಯದ ಅಂಗಳವನ್ನೂ ಮೆಟ್ಟಿದವಳಲ್ಲ. ಮಣ್ಣು ಮಾಡುವವರೆಗೂ ಸ್ವಾಮಿಗಳು ಊದಿದ ಕಾಲನ್ನು ಚಾಚಿಕೊಂಡು ಬೇಲಿಯ ಪಕ್ಕ ಕುಳಿತಿದ್ದರು. ಎಲ್ಲರೂ ಹೋದ ಮೇಲೆ ಅವಳು ಅವರ ಮುಂದೆ ಬಂದು ನಿಂತಳು.

"ನಮ್ಮೋರು ಕೊನೇಲಿ ಏನಂದ್ರು ಸ್ವಾಮಿ?"

"ನೀರು ಕೇಳಿದ. ಕುಡಿಸಿದೆ. ಆಮೇಲೆ 'ನಿಂಗಾಜಿ' ಅಂದ. ಅಷ್ಟೇ ತಾಯಿ."

ಯಾವುದಾದರೂ ದೊಡ್ಡ ಸಮಾಧಾನದ ಮಾತು ಬರುತ್ತದೆಂದು ಅವಳು ಕಾದಳು. ಬರಲಿಲ್ಲ. ಅಳುವ ಹೆಂಗಸನ್ನು ಸುಮ್ಮನಾಗಿಸಲು ಕೂಡ ಇವರು ಒಂದು ಸುಳ್ಳು ಸೇರಿಸಲಿಲ್ಲವಲ್ಲ ಎಂಬುದು ಅವಳ ಮನಸ್ಸಿನಲ್ಲಿ ಉಳಿಯಿತು. ಸುಳ್ಳಿನಿಂದ ಮನೆ ಹಾಳಾದವಳಿಗೆ ಅದು ಸಣ್ಣ ವಿಷಯವಾಗಿರಲಿಲ್ಲ. ವರ್ಷ ತುಂಬುವುದರೊಳಗೆ ಅವಳು ದೇವಾಲಯದ ಬಾಗಿಲಿಗೆ ಬಂದು, "ನಿಮ್ಮ ದೇವರು ಯಾರು ಅಂತ ನನಗೂ ಹೇಳಿ" ಎಂದಳು.

ಹೊಸಬರಿಗೆ ಪಾಠ ಹೇಳುತ್ತಿದ್ದವರು ಉಪದೇಶಿ ಚೌರಪ್ಪನವರು. ಒಳ್ಳೆಯವರು, ಆದರೆ ಬಿಗಿ. ನಿಂಗಾಜಮ್ಮ ಬೇಗ ಕಲಿತಳು. ಯೇಸುಸ್ವಾಮಿಯ ಮೇಲೆ ಸುಳ್ಳು ಸಾಕ್ಷಿ ಹೇಳಿಸಿದರೆಂಬ ಕಥೆ ಕೇಳಿದ ದಿನ ಅವಳು ಹೆಣೆಯುತ್ತಿದ್ದ ಬುಟ್ಟಿ ಬಿಟ್ಟು, "ಅವರಿಗೂ ಹಿಂಗೇ ಮಾಡಿದ್ರಾ?" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಂದಿನಿಂದ ಯೇಸುಸ್ವಾಮಿ ಅವಳಿಗೆ ಪರಕೀಯರಾಗಿ ಉಳಿಯಲಿಲ್ಲ.

ಆದರೆ ಕರ್ತರಾದ ಯೇಸುಸ್ವಾಮಿಯೇ ಕಲಿಸಿದ ಪ್ರಾರ್ಥನೆಯನ್ನು ಎಲ್ಲರೂ ಕೂಡಿ ಹೇಳುವಾಗ ಒಂದು ಕಡೆ ಅವಳ ತುಟಿ ನಿಂತುಬಿಡುತ್ತಿತ್ತು. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುತ್ತೇವೆ ಎನ್ನುವ ಮಾತು ಬಂದಾಗ ಸುಮ್ಮನಿದ್ದು, ಅದು ದಾಟಿದ ಮೇಲೆ ಮತ್ತೆ ದನಿ ಸೇರಿಸುತ್ತಿದ್ದಳು. ಚೌರಪ್ಪನವರು ಇದನ್ನು ಗಮನಿಸಿದರು.

"ಆ ಸಾಲು ಇನ್ನೂ ಬಾಯಿಗೆ ಬಂದಿಲ್ಲವೇನಮ್ಮ?"

"ಬಾಯಿಗೆ ಬತ್ತದೆ ಅಣ್ಣ. ಎದೆಗೆ ಬರಾಕಿಲ್ಲ. ಹಂಗೇ ಹೇಳಿದ್ರೆ ನಾನೂ ಸುಳ್ಳುಸಾಕ್ಷಿ ಹೇಳ್ದಂಗಾಯ್ತದೆ."

ಚೌರಪ್ಪನವರು ಅವಳನ್ನು ಸ್ವಾಮಿಗಳ ಬಳಿಗೆ ಕರೆದೊಯ್ದರು. ಯೇಸುಸ್ವಾಮಿ ಮರಳಿ ಎದ್ದ ದಿನವಾದ ಪಾಸ್ಕ ಹಬ್ಬಕ್ಕೆ ಈ ಸಲ ಇವಳ ತಲೆಗೆ ನೀರು ಹೊಯ್ದು ಜ್ಞಾನಸ್ನಾನ ಕೊಡುವಂತಿಲ್ಲ ಎಂದೂ ಹೇಳಿದರು. ಸ್ವಾಮಿಗಳು ಗೋಡೆಗೆ ಮಣ್ಣು ಮೆತ್ತುತ್ತಿದ್ದರು. ಕೈ ತೊಳೆದುಕೊಂಡು ಬಂದು ಅವಳನ್ನೇ ಕೇಳಿದರು:

"ಮುಂದೆ ಎಂದಾದರೂ ಆ ಮಾತು ಹೇಳಬೇಕು ಅಂತ ಆಸೆ ಇದೆಯಾ?"

"ಆಸೆ ಬರಲಿ ಅಂತ ಆಸೆ ಅದೆ ಸ್ವಾಮಿ."

"ಸಾಕು. ಅದು ಬರುವ ತನಕ ನಿನ್ನ ಪಾಲಿನ ಆ ಮಾತನ್ನು ನಾನು ಹೇಳುತ್ತೇನೆ."

ಆ ಪಾಸ್ಕ ಹಬ್ಬದಲ್ಲಿ ಅವಳಿಗೆ ಜ್ಞಾನಸ್ನಾನವಾಯಿತು. ಅಂದಿನಿಂದ ಪ್ರತಿ ಸಂಜೆಯ ಜಪದಲ್ಲಿ ಸ್ವಾಮಿಗಳು ಜನರ ನಡುವೆ ಮೊಣಕಾಲೂರಿ, ಆ ಮಾತು ಬಂದಾಗ ಅದನ್ನು ಎರಡು ಸಲ ಹೇಳುತ್ತಿದ್ದರು. ಒಮ್ಮೆ ಎಲ್ಲರ ಜೊತೆ, ಇನ್ನೊಮ್ಮೆ ಮೆಲ್ಲಗೆ. ಏಕೆಂದು ತಿಳಿದಿದ್ದವರು ಮೂವರೇ.

ಜ್ಞಾನಸ್ನಾನವಾದರೆ ಎದೆ ತಣ್ಣಗಾಗುತ್ತದೆಂದು ನಿಂಗಾಜಮ್ಮ ತಿಳಿದಿದ್ದಳು. ಹಾಗಾಗಲಿಲ್ಲ. ಬೇಲಿಯಾಚೆ ಜವರಯ್ಯನ ಕೆಮ್ಮು ಕೇಳಿದರೂ ಅವಳ ಮೈಯೆಲ್ಲ ಉರಿಯುತ್ತಿತ್ತು. ಆರು ತಿಂಗಳಾದ ಮೇಲೆ ಸ್ವಾಮಿಗಳ ಬಳಿ ಹೋಗಿ ಜಗಳವನ್ನೇ ಆಡಿದಳು.

"ತಲೆ ಮೇಲೆ ನೀರು ಹುಯ್ದ್ರಿ. ಒಳಗಿನ ಬೆಂಕಿ ಹಂಗೇ ಅದೆ. ನನಗೆ ಇದು ಹತ್ತಲಿಲ್ಲ ಸ್ವಾಮಿ."

"ಆರಿಸುವುದಕ್ಕೆ ಹಾಕಿದ ನೀರಲ್ಲಮ್ಮ ಅದು. ಬೆಳೆಸುವುದಕ್ಕೆ ಹಾಕಿದ್ದು. ನಿಧಾನ."

ಅವಳಿಗೆ ಪೂರ್ತಿ ಸಮಾಧಾನವಾಗಲಿಲ್ಲ. ಆದರೂ ಜಪಕ್ಕೆ ಬರುವುದನ್ನು ಬಿಡಲಿಲ್ಲ. ಬಾಣಂತಿಯರ ಮನೆಗೆ ನೀರು ಹೊತ್ತು ಕೊಟ್ಟಳು, ದಿಕ್ಕಿಲ್ಲದೆ ಸತ್ತವರ ಮೈ ತೊಳೆದಳು. ಊರಿನ ಹೆಂಗಸರು ಕಷ್ಟಸುಖ ಹೇಳಿಕೊಳ್ಳಲು ಅವಳ ಜಗುಲಿಗೆ ಬರತೊಡಗಿದರು. ತನಗೇ ತಿಳಿಯದ ಹಾಗೆ ಅವಳು ಬೆಳೆಯುತ್ತಿದ್ದಳು. ಒಂದು ಕಡೆ ಮಾತ್ರ ಕಲ್ಲು ಕಲ್ಲಾಗಿಯೇ ಇತ್ತು.

ಮೂರನೆಯ ವರ್ಷ, ಹೊಸಬರ ಪಾಠದ ಸಾಲಿನಲ್ಲಿ ಜವರಯ್ಯ ಬಂದು ಕುಳಿತ.

ನಿಂಗಾಜಮ್ಮ ನೇರವಾಗಿ ಸ್ವಾಮಿಗಳ ಕೋಣೆಗೆ ಹೋದಳು. "ಅವನು ಈ ಬಾಗಲು ದಾಟಿದ್ರೆ ನಾನು ದಾಟಾಕಿಲ್ಲ. ಇವತ್ತೇ ಹೇಳ್ಬುಡಿ ಸ್ವಾಮಿ. ಅವನೋ ನಾನೋ?"

ಸ್ವಾಮಿಗಳು ಅವಳನ್ನು ಗದರಿಸಲಿಲ್ಲ, ಬೋಧನೆಯನ್ನೂ ಮಾಡಲಿಲ್ಲ. ಬಹಳ ದಣಿದವರಂತೆ ಕಾಣುತ್ತಿದ್ದರು.

"ಕೆಲವು ವಾರಗಳಿಂದ ಅವನು ನನ್ನ ಬಳಿ ಬರುತ್ತಿದ್ದಾನಮ್ಮ. ಅವನಿಗೂ ಒಂದು ಮಾತು ಬಾಯಿಂದ ಹೊರಡುತ್ತಿಲ್ಲ. ನಮ್ಮ ತಪ್ಪುಗಳನ್ನು ಕ್ಷಮಿಸು ಅನ್ನುವ ಕಡೆ ಬಂದು ನಿಂತುಬಿಡುತ್ತಾನೆ. ಕೇಳುವ ಮುಖ ತನಗಿಲ್ಲ ಅಂತಾನೆ. ಅವನ ಪಾಲಿನದನ್ನೂ ನಾನೇ ಹೇಳುತ್ತಿದ್ದೇನೆ."

ನಿಂಗಾಜಮ್ಮ ಹೊರಟುಹೋದಳು. ಎಂಟು ದಿನ ದೇವಾಲಯದ ಕಡೆ ಬರಲಿಲ್ಲ. ಬಿದಿರು ಸೀಳುತ್ತ ಕುಳಿತರೆ ಅದೇ ಮಾತು. ಅವನು ನೆಮ್ಮದಿಯಾಗಿ ಉಂಡು ಮಲಗುತ್ತಿದ್ದಾನೆಂದು ಇಷ್ಟು ವರ್ಷ ನಂಬಿದ್ದಳು. ಅವಳ ಸಿಟ್ಟಿಗೆ ಆ ನಂಬಿಕೆಯೇ ಸೌದೆಯಾಗಿತ್ತು. ಬೇಲಿಯಾಚೆ ಇನ್ನೊಬ್ಬ ಮನುಷ್ಯನೂ ತನ್ನ ಹಾಗೆಯೇ ಒಂದೇ ಸಾಲಿನ ಮುಂದೆ ನಿಂತಿದ್ದಾನೆಂಬುದು ಅವಳಿಗೆ ಇಷ್ಟವಾಗಲಿಲ್ಲ. ಇಷ್ಟವಾಗದಿದ್ದರೂ ಅದನ್ನು ಮರೆಯಲಾಗಲಿಲ್ಲ.

ಒಂಬತ್ತನೆಯ ದಿನ ಸ್ವಾಮಿಗಳಿಗೆ ಜ್ವರ ಬಂದಿದೆಯೆಂದು ಸುದ್ದಿ ಬಂತು. ಅವಳು ಓಡಿದಳು. ರಾಗಿ ಕೊಯ್ಲಿನ ಕಾಲ, ಊರೆಲ್ಲ ಹೊಲದಲ್ಲಿತ್ತು. ಚೌರಪ್ಪನವರು ಡಾಕ್ಟರನ್ನು ಕರೆತರಲು ಹೋಗಿದ್ದರು. ಸ್ವಾಮಿಗಳು ಚಾಪೆಯ ಮೇಲೆ ಮಲಗಿದ್ದರು. ಕಾಲು ಕೆಂಪೇರಿ ಬಾತಿತ್ತು. ಹೊಸಿಲಿನ ಹೊರಗೆ, ಒಳಗೆ ಬರುವ ಧೈರ್ಯವಿಲ್ಲದೆ, ಜವರಯ್ಯ ಮಂಡಿಗೆ ತಲೆ ಕೊಟ್ಟು ಕುಳಿತಿದ್ದ. ಅವಳು ಅವನನ್ನು ದಾಟಿಕೊಂಡು ಒಳಗೆ ಹೋದಳು.

ನಡುಹಗಲಾಯಿತು. ಆ ಹೊತ್ತಿಗೆ ಜಪ ಮಾಡುವುದು ಸ್ವಾಮಿಗಳ ರೂಢಿ. ಏಳಲು ಹೋದವರನ್ನು ನಿಂಗಾಜಮ್ಮ ತಡೆದಳು. ಮಲಗಿದಲ್ಲಿಯೇ ಅವರು ಕರ್ತರ ಪ್ರಾರ್ಥನೆಯನ್ನು ಆರಂಭಿಸಿದರು. ಅವಳು ದನಿಗೂಡಿಸಿದಳು. ಹೊಸಿಲಿನಾಚೆಯಿಂದ ಇನ್ನೊಂದು ಒಡಕು ದನಿ ಸೇರಿತು. ದಿನದ ಅನ್ನವನ್ನು ಕೇಳುವ ಮಾತಾಯಿತು. ಮುಂದಿನದು ಬರಬೇಕಾದಾಗ ಸ್ವಾಮಿಗಳಿಗೆ ಕೆಮ್ಮು ಒತ್ತಿಬಂತು. ಉಸಿರು ಕಟ್ಟಿತು. ತುಟಿ ಅಲುಗಿತು, ದನಿ ಹೊರಡಲಿಲ್ಲ.

ಮೂವರ ಪ್ರಾರ್ಥನೆಯೂ ಅಲ್ಲಿಯೇ ನಿಂತಿತು.

ಅವಳಿಗಾಗಿ ಆ ಮಾತು ಹೇಳಲು ಈಗ ಯಾರೂ ಇರಲಿಲ್ಲ. ಸ್ವಾಮಿಗಳ ಕಣ್ಣು ಅವಳ ಮೇಲಿತ್ತು. ಅದರಲ್ಲಿ ಒತ್ತಾಯವಿರಲಿಲ್ಲ. ಇವತ್ತೂ ಆಗದಿದ್ದರೆ ನಾಳೆ ನಾನೇ ಹೇಳುತ್ತೇನೆ ಎಂಬ ಅದೇ ತಾಳ್ಮೆ ಇತ್ತು. ಬಾಗಿಲಾಚೆ ಜವರಯ್ಯ ಬಾಯಿಗೆ ಹೆಗಲ ಮೇಲಿನ ವಲ್ಲಿ ಒತ್ತಿಕೊಂಡು ಬಿಕ್ಕುತ್ತಿದ್ದ. ಕೇತಯ್ಯನ ಮುಖ ಅವಳ ಕಣ್ಣ ಮುಂದೆ ಬಂತು. ನೋವು ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ. ಆ ನೋವಿನ ಸಮೇತವೇ ಅವಳು ಬಾಯಿ ತೆರೆದಳು.

"ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸೋ ಹಂಗೆ..." ಎಂದಳು. ಒಂದು ಉಸಿರು ತೆಗೆದುಕೊಂಡು ಬಾಗಿಲ ಕಡೆ ತಿರುಗಿದಳು. "ಮುಂದಿಂದು ನೀನು ಹೇಳು ಜವರಯ್ಯ."

ಐದು ವರ್ಷಗಳಲ್ಲಿ ಅವಳು ಅವನೊಡನೆ ಆಡಿದ ಮೊದಲ ಮಾತು ಅದು. ಅವನು ಹೇಳಿದ. ಅತ್ತುಕೊಂಡೇ ಹೇಳಿದ. ಸ್ವಾಮಿಗಳು ಕಣ್ಣು ಮುಚ್ಚಿ "ಆಮೆನ್" ಎಂದರು.

ದೇವರ ದಯೆಯಿಂದ ಆ ಸಲ ಸ್ವಾಮಿಗಳು ಗುಣವಾದರು. ಜವರಯ್ಯ ತಾನಾಗಿಯೇ ಅಧಿಕಾರಿಗಳ ಬಳಿ ಹೋಗಿ ಬಿದಿರು ಕಡಿದವನು ತಾನೆಂದೂ, ಕೇತಯ್ಯ ನಿರಪರಾಧಿಯೆಂದೂ ಬರೆದುಕೊಟ್ಟ. ಅದಕ್ಕಾದ ಶಿಕ್ಷೆಯನ್ನು ಅನುಭವಿಸಿ ಬಂದ. ಬಂದವನನ್ನು ಊರು ಹತ್ತಿರ ಸೇರಿಸಲಿಲ್ಲ. ಕೇತಯ್ಯನನ್ನು ಕೊಂದವನು ಎಂದು ಮಕ್ಕಳೂ ಆಡಿಕೊಂಡರು.

ಮುಂದಿನ ಪಾಸ್ಕ ಹಬ್ಬಕ್ಕೆ ಅವನ ಜ್ಞಾನಸ್ನಾನ. ದೇವಾಲಯ ತುಂಬಿತ್ತು. ಜವರಯ್ಯ ಬಿಳಿಯ ಪಂಚೆ ಉಟ್ಟು ತಲೆ ತಗ್ಗಿಸಿ ಒಬ್ಬನೇ ನಿಂತಿದ್ದ. ಹೊಸಬನ ವಿಶ್ವಾಸಕ್ಕೆ ಹೊಣೆಯಾಗಿ ಜ್ಞಾನತಂದೆಯೋ ಜ್ಞಾನತಾಯಿಯೋ ಪಕ್ಕದಲ್ಲಿ ನಿಲ್ಲಬೇಕು. ಒಪ್ಪಿಕೊಂಡಿದ್ದವನೊಬ್ಬ ಊರ ಮಾತಿಗೆ ಅಂಜಿ ಬಂದಿರಲಿಲ್ಲ.

"ಇವನಿಗೆ ಯಾರು ನಿಲ್ಲುತ್ತೀರಿ?" ಎಂದು ಸ್ವಾಮಿಗಳು ಕೇಳಿದರು.

ಗಂಡಸರ ಸಾಲು ಅಲುಗಲಿಲ್ಲ. ಚೌರಪ್ಪನವರು ಏಳಲು ಕೈಯೂರುವಷ್ಟರಲ್ಲಿ ಹೆಂಗಸರ ಕಡೆಯಿಂದ ನಿಂಗಾಜಮ್ಮ ಎದ್ದಳು. ಜನ ದಾರಿ ಬಿಟ್ಟರು. ಅವಳು ಹೋಗಿ ಜವರಯ್ಯನ ಹೆಗಲ ಮೇಲೆ ಬಲಗೈ ಇಟ್ಟಳು.

"ನಾನು ನಿಲ್ತೀನಿ ಸ್ವಾಮಿ."

ವಯಸ್ಸಿನಲ್ಲಿ ಅವಳಿಗಿಂತ ಎಂಟು ವರ್ಷ ದೊಡ್ಡವನಾದ ಜವರಯ್ಯ ಅಂದಿನಿಂದ ಸಾಯುವವರೆಗೂ ಅವಳನ್ನು "ಅವ್ವ" ಎಂದೇ ಕರೆದ.