ಪೆಟ್ಟಿಗೆ ಸೇರಿದ ಡಚ್ ಚಿತ್ರ

"ಗುರುಗಳೇ, ಬಯಸಿದ್ದು ಕೈಗೆ ಬಂದ ಮೇಲೂ ನೆಮ್ಮದಿ ಯಾಕೆ ಬರುವುದಿಲ್ಲ?" ಎಂದು ಶಿಷ್ಯ ಕೇಳಿದ.

"ಹೇಳುತ್ತೇನೆ, ಮೊದಲು ನೀನೊಂದು ಊಹಿಸು. ಒಬ್ಬ ಚಿತ್ರಗಾರ ತಾನು ಪ್ರಾಣದಂತೆ ಬಯಸಿದ ಚಿತ್ರವನ್ನು ಕದ್ದ. ಸಿಕ್ಕಿಬೀಳಲೂ ಇಲ್ಲ. ಆಮೇಲೆ ಅದನ್ನು ಎಷ್ಟು ಸಲ ಕಣ್ತುಂಬ ನೋಡಿದ?"

ದಿನವೂ ನೋಡಿರಬೇಕು ಎಂದ ಶಿಷ್ಯ. ಗುರುಗಳಿಗೆ ನಗು ಬಂತು. ಕತೆ ಹೇಳಿದರು.

ಬಂದರಿನ ಒಬ್ಬ ವರ್ತಕನ ಮನೆಯಲ್ಲಿ ಹಳೆಯ ಡಚ್ ಚಿತ್ರವೊಂದಿತ್ತು. ಕಿಟಕಿಯ ಬಳಿ ಒಬ್ಬ ಹೆಂಗಸು ತಲೆ ತಗ್ಗಿಸಿ ಬಟ್ಟೆ ಹೊಲಿಯುತ್ತಿದ್ದಾಳೆ, ಅಷ್ಟೇ. ಮಸಿ ಹಿಡಿದಿದೆಯೆಂದು ವರ್ತಕ ಅದನ್ನು ಒಬ್ಬ ಚಿತ್ರಗಾರನಿಗೆ ಶುಚಿ ಮಾಡಲು ಕೊಟ್ಟ. ಮಸಿ ಹೋದಂತೆ ಅವಳ ಕೈಮೇಲಿನ ಬೆಳಕು ಕಂಡಿತು. ಚಿತ್ರಗಾರನಿಗೆ ಅನ್ನ ಸೇರದಾಯಿತು. ಇದನ್ನು ಹಿಂದಕ್ಕೆ ಕೊಟ್ಟು ಬದುಕಲಾರೆ ಅನ್ನಿಸಿತು. ಮೂರು ತಿಂಗಳು ಕೂತು ಅಂಥದೇ ಇನ್ನೊಂದನ್ನು ಬರೆದ. ನಕಲನ್ನು ವರ್ತಕನ ಗೋಡೆಗೆ ತೂಗುಹಾಕಿ ಬಂದು, ಅಸಲನ್ನು ತನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ.

ಒಂದು ತಪ್ಪಾಗಿತ್ತು. ಅವನದು ದೇವರ ಪಟ ಬರೆಯುವ ಮನೆತನ. ಎಲ್ಲ ಮುಗಿದ ಮೇಲೆ, ಮಿಂದು ಮಡಿಯುಟ್ಟು, ಕೊನೆಗೆ ದೇವರ ಕಣ್ಣು ಬರೆದು ತೆರೆಸುವುದು ಅವರ ಪದ್ಧತಿ. ಅಭ್ಯಾಸದ ಕೈ ನೋಡು, ಆ ಹೆಂಗಸಿನ ಮುಚ್ಚಿದಂತಿದ್ದ ರೆಪ್ಪೆಯ ಕೆಳಗೂ ಬಿಳಿಯ ಗೆರೆಯೊಂದನ್ನು ಎಳೆದುಬಿಟ್ಟಿತ್ತು. ಅಸಲಿನಲ್ಲಿ ಅದಿರಲಿಲ್ಲ. ಇದು ಹೊಳೆದದ್ದು ನಕಲು ಗೋಡೆಗೇರಿದ ಮೇಲೆ.

ಅಂದಿನಿಂದ ಅವನು ದಿನವೂ ವರ್ತಕನ ಮನೆಗೆ ಹೋದ. ನೆಂಟರು ಯಾರಾದರೂ ಚಿತ್ರದ ಹತ್ತಿರ ಹೋದರೆ ಅಡ್ಡ ನಿಂತು ಗಾಳಿಮಳೆಯ ಮಾತೆತ್ತಿದ. ಮನೆಗೆ ಬಂದು ಪೆಟ್ಟಿಗೆ ತೆರೆದರೂ ಅಳೆದದ್ದು ರೆಪ್ಪೆಯೊಂದನ್ನೇ. ಕೈಮೇಲಿನ ಬೆಳಕು ಮತ್ತೆ ಕಣ್ಣಿಗೆ ಬೀಳಲಿಲ್ಲ.

ಒಂದು ದಿನ ವರ್ತಕ ಅವನನ್ನು ಹಿಡಿದು ಕೂರಿಸಿದ. "ಚಿತ್ರ ನೋಡಲು ಬರುತ್ತೀ ಅಂದುಕೊಂಡೆ ಮಾರಾಯ, ನೀನು ನೋಡುವುದು ನನ್ನ ಮುಖವನ್ನು. ನನಗೆ ಈ ವಯಸ್ಸಿನಲ್ಲಿ ಹೆಣ್ಣು ಕೊಡುವ ಅಂದಾಜುಂಟಾ?"

ಚಿತ್ರಗಾರ ಅವಸರದಲ್ಲಿ ಕಣ್ಣನ್ನು ಚಿತ್ರದ ಕಡೆ ತಿರುಗಿಸಿದ. ವರ್ತಕನೂ ಅತ್ತ ನೋಡಿದ.

"ನೀನು ಶುಚಿ ಮಾಡಿ ಕೊಟ್ಟ ಮೇಲೆ, ನಾನು ಬಂದು ಕೂತರೆ ಇವಳು ಕಣ್ಣೆತ್ತುವ ಹಾಗೆ ಕಾಣುತ್ತದೆ."

"ಮಸಿ ಹೋಯಿತಲ್ಲ ಧಣಿ, ಅದಕ್ಕೆ" ಎಂದ ಚಿತ್ರಗಾರ.

ವರ್ತಕ ಬದುಕಿದಷ್ಟು ಕಾಲ ಆ ನಕಲಿನ ಮುಂದೆ ಸುಖವಾಗಿ ಕೂತ. ಚಿತ್ರಗಾರ ಅಷ್ಟೂ ಕಾಲ ಅವನ ಮುಖ ಕಾದ.

ಶಿಷ್ಯ ಬಿಡಲಿಲ್ಲ. ಅಸಲು ಚಿತ್ರ ಹೇಗೂ ಚಿತ್ರಗಾರನ ಹತ್ತಿರವೇ ಉಳಿಯಿತಲ್ಲ, ಅವನು ಕಳೆದುಕೊಂಡದ್ದಾದರೂ ಯಾವಾಗ ಎಂದು ಕೇಳಿದ.

"ಅದನ್ನು ಮನೆಯಲ್ಲಿ ಉಳಿಸಿಕೊಂಡ ದಿನವೇ," ಎಂದರು ಗುರುಗಳು, ಸೊಂಟದ ಬೀಗದ ಕೈ ಸವರುತ್ತ, "ಆಶ್ವಯುಜ ಬಹುಳ ಬಿದಿಗೆ, ಶುಕ್ರವಾರ."